ಕತ್ತರಿಸಿ ಬಿಟ್ಟ ತುಂಡಿನೊಳಗಿನ ಆರ್‌ಎನ್‌ಎ

ಜೀನ್ ಎಂಬುದು ಒಂದು ಅಖಂಡ ವಾಕ್ಯವಿದ್ದಂತೆ, ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋದರೆ ಒಂದು ಪ್ರೋಟೀನು ಸಿದ್ಧ ಎಂದು ಬಹುಕಾಲ ನಂಬಲಾಗಿತ್ತು. 1977ರಲ್ಲಿ ಆ ನಂಬಿಕೆ ಕುಸಿಯಿತು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ಎರಡು ತಂಡಗಳು ಅಡಿನೋವೈರಸ್ಸನ್ನು ಪರೀಕ್ಷಿಸುತ್ತ, ಜೀನಿನ ನಡುನಡುವೆ ಪ್ರೋಟೀನಿಗೆ ಸಂಬಂಧಪಡದ ಭಾಗಗಳಿವೆ, ಆರ್‌ಎನ್‌ಎ ಸಿದ್ಧವಾಗುವಾಗ ಅವು ಕತ್ತರಿಸಿ ಹೋಗುತ್ತವೆ ಎಂದು ತೋರಿಸಿದವು. ಮರುವರ್ಷ ವಾಲ್ಟರ್ ಗಿಲ್ಬರ್ಟ್ ಹೀಗೆ ಹೋಗುವ ತುಂಡಿಗೆ ಇಂಟ್ರಾನ್ ಎಂದೂ ಉಳಿಯುವ ಭಾಗಕ್ಕೆ ಎಕ್ಸಾನ್ ಎಂದೂ ಹೆಸರಿಟ್ಟರು. ಶಾರ್ಪ್, ರಾಬರ್ಟ್ಸ್ ಇಬ್ಬರಿಗೂ 1993ರ ನೊಬೆಲ್ ಬಹುಮಾನ ಬಂದಿತು. ಆದರೆ ಇಂಟ್ರಾನಿನ ಪಾಡೇನು? ದರ್ಜಿಯ ಕತ್ತರಿಯಿಂದ ನೆಲಕ್ಕೆ ಬಿದ್ದ ಬಟ್ಟೆಯ ಚೂರು, ಗುಡಿಸಿ ಹಾಕಲು ಮಾತ್ರ ಯೋಗ್ಯ ಎಂದು ಅನೇಕರು ಭಾವಿಸಿದರು.

ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ನ್ಯೂಕ್ಲಿಯೋಲಸ್ ಎಂಬ ದಟ್ಟವಾದ ಚುಕ್ಕೆಯನ್ನು ನೀವು ಸೂಕ್ಷ್ಮದರ್ಶಕದಲ್ಲಿ ನೋಡಿರಬಹುದು. ಪ್ರೋಟೀನು ತಯಾರಿಸುವ ರೈಬೋಸೋಮುಗಳ ನಿರ್ಮಾಣ ಆರಂಭವಾಗುವುದು ಅಲ್ಲಿಯೇ. ಆ ಚುಕ್ಕೆಯಲ್ಲಿ ಪುಟ್ಟ ಆರ್‌ಎನ್‌ಎಗಳು ಇವೆ ಎಂಬುದು 1960ರ ದಶಕದ ಕೊನೆಯಿಂದ ತಿಳಿದಿತ್ತು. ಯುರಿಡಿನ್ ಅಂಶ ಹೆಚ್ಚಿದ್ದುದರಿಂದ ಯು3, ಯು14 ಎಂದು ಅವುಗಳಿಗೆ ಸಂಖ್ಯೆ ಕೊಟ್ಟರು. (ಹೆಸರಿಡುವುದರಲ್ಲಿ ವಿಜ್ಞಾನಿಗಳು ತುಸು ಜಿಪುಣರೇ.)

ಇವು ಹುಟ್ಟುವುದೆಲ್ಲಿ? ಅಮೆರಿಕದ ಉತ್ತರ ಕ್ಯಾರೊಲಿನಾದ ಸ್ಟುವರ್ಟ್ ಮ್ಯಾಕ್ಸ್‌ವೆಲ್ ಮತ್ತು ಅವರ ಸಹೋದ್ಯೋಗಿ 1990ರಲ್ಲಿ ಪ್ರಕಟಿಸಿದ ಉತ್ತರ ಯಾರೂ ಊಹಿಸದಂಥದು. ಇಲಿಯ ಯು14 ಆರ್‌ಎನ್‌ಎಗೆ ಸ್ವಂತ ಮನೆಯೇ ಇರಲಿಲ್ಲ. ಇತರ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಎಚ್‌ಎಸ್‌ಸಿ70 ಎಂಬ ಪ್ರೋಟೀನಿನ ಜೀನಿದೆಯಲ್ಲ, ಅದರ 5, 6 ಮತ್ತು 8ನೆಯ ಇಂಟ್ರಾನ್‌ಗಳಲ್ಲಿ ಅದು ಬಾಡಿಗೆದಾರನಂತೆ ಕುಳಿತಿತ್ತು. ಮನುಷ್ಯನ ಅದೇ ಜೀನಿನಲ್ಲೂ ಅವೇ ಸ್ಥಾನಗಳಲ್ಲಿ ಇದು ಇದೆ. ಅಷ್ಟೇ ಅಲ್ಲ, ನಮ್ಮಲ್ಲಿ ಒಂದು ರೈಬೋಸೋಮ್ ಪ್ರೋಟೀನಿನ ಜೀನಿನೊಳಗೂ ಯು14 ಉಂಟು. 1993ರಲ್ಲಿ ರೋಮಿನ ಐರೀನ್ ಬೊಝೋನಿ ತಂಡವು ಝೆನೋಪಸ್ ಕಪ್ಪೆಯ ರೈಬೋಸೋಮ್ ಪ್ರೋಟೀನಿನ ಜೀನೊಂದರಲ್ಲಿ ಯು16 ಅನ್ನು ಕಂಡಿತು. ಯೀಸ್ಟಿನಲ್ಲಾದರೋ ಇಂಥ ಹೆಚ್ಚಿನ ಆರ್‌ಎನ್‌ಎಗಳಿಗೆ ತಮ್ಮದೇ ಜೀನುಗಳಿವೆ. ಬಾಡಿಗೆ ಮನೆಯ ಪದ್ಧತಿ ಮುಖ್ಯವಾಗಿ ಪ್ರಾಣಿಗಳದು.

ಕತ್ತರಿಸಿ ಬಿದ್ದ ಇಂಟ್ರಾನನ್ನು ಕಿಣ್ವಗಳು ಎರಡೂ ತುದಿಗಳಿಂದ ಮೇಯುತ್ತ ಬರುತ್ತವೆ. ಆದರೆ ನಡುವಿನ ಪುಟ್ಟ ಆರ್‌ಎನ್‌ಎಯನ್ನು ಕೆಲವು ಪ್ರೋಟೀನುಗಳು ಆಗಲೇ ಅಪ್ಪಿ ಹಿಡಿದಿರುತ್ತವೆ. ಅಲ್ಲಿಗೆ ಬಂದೊಡನೆ ಮೇಯುವಿಕೆ ನಿಲ್ಲುತ್ತದೆ.

ನನ್ನ ಎಣಿಕೆಯಲ್ಲಿ ಈ ಕಥೆಯ ಅತಿ ಸ್ವಾರಸ್ಯದ ವರ್ಷ 1996. ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಜ್ ಅವರ ತಂಡ ಒಂದು ವಿಚಿತ್ರ ಜೀನನ್ನು ವರ್ಣಿಸಿತು. ಅದರ ಇಂಟ್ರಾನ್‌ಗಳಿಂದ ಎಂಟು ಪುಟ್ಟ ಆರ್‌ಎನ್‌ಎಗಳು ಹೊರಬರುತ್ತವೆ. ಎಕ್ಸಾನ್‌ಗಳನ್ನು ಜೋಡಿಸಿದ ಆರ್‌ಎನ್‌ಎ ಮಾತ್ರ ಯಾವ ಪ್ರೋಟೀನನ್ನೂ ಕೊಡುವಂತೆ ಕಾಣದೆ ಬೇಗ ನಾಶವಾಗುತ್ತದೆ. ಬಟ್ಟೆಯೇ ಕಸವಾಯಿತು, ಚೂರೇ ಉಡುಪಾಯಿತು! ಅದೇ ವರ್ಷ ಫ್ರಾನ್ಸಿನ ಟುಲೂಸ್‌ನಲ್ಲಿ ತಮಾಸ್ ಕಿಸ್, ಜಾನ್ ಪಿಯೆರ್ ಬಾಷೆಲ್ರಿ ಮತ್ತು ಸಂಗಡಿಗರು ಇವುಗಳ ಕೆಲಸವನ್ನೂ ಹೊರಗೆಡಹಿದರು. ಪುಟ್ಟ ಆರ್‌ಎನ್‌ಎ ತನಗೆ ಹೊಂದುವ ರೈಬೋಸೋಮ್ ಆರ್‌ಎನ್‌ಎಯ ಭಾಗಕ್ಕೆ ಜೋಡಿಯಾಗಿ, ಮೀಥೈಲ್ ಗುಂಪನ್ನು ಇಲ್ಲಿ ಸೇರಿಸು ಎಂದು ಕಿಣ್ವಕ್ಕೆ ಜಾಗ ತೋರಿಸುತ್ತದೆ. ಇನ್ನೊಂದು ಬಗೆಯವು ಯುರಿಡಿನ್ನನ್ನು ಸ್ಯೂಡೋಯುರಿಡಿನ್ ಆಗಿ ಮಾರ್ಪಡಿಸಬೇಕಾದ ಜಾಗ ತೋರಿಸುತ್ತವೆಂದು 1997ರಲ್ಲಿ ತಿಳಿಯಿತು. ಮನುಷ್ಯನ ರೈಬೋಸೋಮಿನಲ್ಲಿ ಪ್ರತಿಯೊಂದು ಬಗೆಯ ಸುಮಾರು 100 ಗುರುತುಗಳಿವೆ.

ಈ ಚೂರುಗಳು ಇಲ್ಲದೆ ಹೋದರೆ? ಪ್ರೇಡರ್-ವಿಲ್ಲಿ ಎಂಬ ರೋಗವಿರುವ ಶಿಶುಗಳು ಹಾಲು ಕುಡಿಯಲೂ ಶಕ್ತಿಯಿಲ್ಲದಂತಿರುತ್ತವೆ. ಬೆಳೆದ ಮೇಲೆ ಎಷ್ಟು ಉಂಡರೂ ಹಸಿವು ಇಂಗದು. ತಂದೆಯಿಂದ ಬಂದ 15ನೆಯ ಕ್ರೋಮೋಸೋಮಿನ ಒಂದು ಭಾಗ ಇಲ್ಲವಾಗುವುದು ಇದರ ಸಾಮಾನ್ಯ ಕಾರಣ. 2008ರಲ್ಲಿ ಪರೀಕ್ಷಿಸಿದ ಒಂದು ಮಗುವಿನಲ್ಲಿ ಕಳೆದುಹೋಗಿದ್ದುದು ಬಹು ಚಿಕ್ಕ ಭಾಗ. ಅದರಲ್ಲಿ ಮುಖ್ಯವಾಗಿ ಇದ್ದವು ಇಂಟ್ರಾನ್‌ವಾಸಿಗಳಾದ ಸ್ನೋರ್ಡ್116 ಆರ್‌ಎನ್‌ಎಗಳು. ವಿಚಿತ್ರವೆಂದರೆ ಇವು ರೈಬೋಸೋಮಿನ ಯಾವ ಭಾಗಕ್ಕೂ ಜೋಡಿಯಾಗುವಂತೆ ಕಾಣುವುದಿಲ್ಲ. ಅನಾಥ ಆರ್‌ಎನ್‌ಎ ಎಂದು ಅವನ್ನು ಕರೆಯುತ್ತಾರೆ. ಅವು ಯಾವುದಕ್ಕೆ ಜಾಗ ತೋರಿಸುತ್ತವೆ ಎಂಬ ಹುಡುಕಾಟ ನಡೆದೇ ಇದೆ.