ಡಾರ್ಕ್ ಮೋಡ್: ಸಾಮಾಜಿಕ ಜಾಲತಾಣ ಆ್ಯಪ್‌ಗಳ ಬಣ್ಣ ಮತ್ತು ಕಣ್ಣಿನ ಆರಾಮ

ಮೊಬೈಲ್ ಆ್ಯಪ್‌ಗಳಲ್ಲಿ ಕಪ್ಪು ಅಥವಾ ಗಾಢ ಬೂದು ಹಿನ್ನೆಲೆಯ ಮೇಲೆ ತಿಳಿಬಣ್ಣದ ಅಕ್ಷರಗಳನ್ನು ತೋರಿಸುವ ವ್ಯವಸ್ಥೆಗೆ ಡಾರ್ಕ್ ಮೋಡ್ ಎಂದು ಹೆಸರು. ಇದನ್ನು ನೈಟ್ ಮೋಡ್, ಡಾರ್ಕ್ ಥೀಮ್ ಎಂದೂ ಕರೆಯುತ್ತಾರೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳಿರುವ ರೂಢಿಯ ವಿನ್ಯಾಸ ಲೈಟ್ ಮೋಡ್. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಎಕ್ಸ್, ಟೆಲಿಗ್ರಾಂ ಮೊದಲಾದ ಆ್ಯಪ್‌ಗಳಲ್ಲಿ ಇವೆರಡೂ ಲಭ್ಯ. ಫೋನಿನ ಸೆಟ್ಟಿಂಗ್‌ಗೆ ತಕ್ಕಂತೆ ಆ್ಯಪಿನ ಬಣ್ಣ ತಾನಾಗಿಯೇ ಬದಲಾಗುವ ಏರ್ಪಾಡೂ ಸಾಮಾನ್ಯವಾಗಿದೆ. ರಾತ್ರಿ ಹೊತ್ತು ಕಣ್ಣು ಕುಕ್ಕದಿರುವುದು ಮತ್ತು ಬ್ಯಾಟರಿ ಉಳಿತಾಯ ಇದರ ಜನಪ್ರಿಯತೆಗೆ ಮುಖ್ಯ ಕಾರಣಗಳು. ಡಾರ್ಕ್ ಮೋಡ್ ಕಣ್ಣಿನ ಆರೋಗ್ಯವನ್ನೇ ಕಾಪಾಡುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಅದಕ್ಕೆ ಸಂಶೋಧನೆಯ ಬೆಂಬಲ ಮಾತ್ರ ಅಷ್ಟಾಗಿ ಸಿಕ್ಕಿಲ್ಲ.

ಹಿನ್ನೆಲೆ

ಕಪ್ಪು ಪರದೆ ಹೊಸದೇನಲ್ಲ. 1970ರ ದಶಕದ ಕಂಪ್ಯೂಟರ್ ಟರ್ಮಿನಲ್‌ಗಳಲ್ಲಿ ಕತ್ತಲ ಪರದೆಯ ಮೇಲೆ ಹಸಿರು, ಬಿಳಿ ಅಥವಾ ಕಿತ್ತಳೆ ಛಾಯೆಯ ಅಕ್ಷರಗಳು ಮೂಡುತ್ತಿದ್ದವು. ಆಗಿನ ಕ್ಯಾಥೋಡ್ ಕಿರಣ ಕೊಳವೆಗಳಲ್ಲಿ ಎಲೆಕ್ಟ್ರಾನ್‌ಗಳು ಬಡಿದ ಜಾಗದ ಫಾಸ್ಫರ್ ಲೇಪನ ಮಾತ್ರ ಹೊಳೆಯುತ್ತಿತ್ತು. ಅಕ್ಷರವಷ್ಟೇ ಹೊಳೆದು ಉಳಿದ ಪರದೆ ಕಪ್ಪಾಗಿರುವುದು ಆ ತಂತ್ರಜ್ಞಾನಕ್ಕೆ ಸಹಜವಾಗಿತ್ತು. ಇಡೀ ಪರದೆಯನ್ನು ಬೆಳಗಿಸಿದರೆ ಚಿತ್ರ ಮಿನುಗುವುದು ಕಣ್ಣಿಗೆ ಬೀಳುತ್ತಿತ್ತು.

ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೊ ಕಂಪ್ಯೂಟರ್ ಈ ಪದ್ಧತಿಯನ್ನು ತಿರುವುಮುರುವು ಮಾಡಿತು. ಮುದ್ರಿತ ಕಾಗದದ ಹಾಗೆ ಬಿಳಿಯ ಮೇಲೆ ಕಪ್ಪು ಅಕ್ಷರ ತೋರಿಸುವುದು ಅದರ ಉದ್ದೇಶ. 1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಈ ವಿನ್ಯಾಸವನ್ನು ಮನೆ, ಕಚೇರಿಗಳಿಗೆ ತಲುಪಿಸಿತು. ಮುಂದೆ ವೆಬ್‌ಸೈಟುಗಳೂ ಮೊಬೈಲ್ ಆ್ಯಪ್‌ಗಳೂ ಅದೇ ಜಾಡಿನಲ್ಲಿ ಸಾಗಿದವು.

ಬಿಳಿ ಪರದೆ ತೊಡಕೆನಿಸಿದ್ದು ಫೋನು ಹಾಸಿಗೆಯವರೆಗೆ ಬಂದ ಮೇಲೆ. ದೀಪ ಆರಿಸಿದ ಕೋಣೆಯಲ್ಲಿ ಮುಖಕ್ಕೆ ಹತ್ತಿರ ಹಿಡಿದ ಬಿಳಿ ಪರದೆಗೂ ಸುತ್ತಲಿನ ಕತ್ತಲೆಗೂ ಬೆಳಕಿನ ಅಂತರ ತುಂಬ ದೊಡ್ಡದು. ಕಪ್ಪು ಭಾಗದಲ್ಲಿ ವಿದ್ಯುತ್ ಉಳಿಸುವ ಓಎಲ್‌ಇಡಿ ಪರದೆಗಳ ಬಳಕೆ ಹೆಚ್ಚಿದ್ದು ಡಾರ್ಕ್ ಮೋಡ್ ಮರಳಿ ಬರಲು ಮತ್ತೊಂದು ಕಾರಣ.

ಆ್ಯಪ್‌ಗಳಲ್ಲಿ ಬಳಕೆ

ದೊಡ್ಡ ಜಾಲತಾಣಗಳ ಪೈಕಿ ಈ ಹಾದಿ ಬೇಗ ಹಿಡಿದದ್ದು ಟ್ವಿಟರ್ (ಈಗಿನ ಎಕ್ಸ್). 2016ರಲ್ಲಿ ಅದರ ಮೊಬೈಲ್ ಆ್ಯಪ್‌ಗೆ ನೈಟ್ ಮೋಡ್ ಬಂತು. ಅದರ ಹಿನ್ನೆಲೆ ಕಪ್ಪಾಗಿರದೆ ಗಾಢ ನೀಲಿಯಾಗಿತ್ತು. ಅಚ್ಚ ಕಪ್ಪು ಬೇಕೆಂಬ ಬಳಕೆದಾರರ ಒತ್ತಾಯದ ಬಳಿಕ 2019ರಲ್ಲಿ ‘ಲೈಟ್ಸ್ ಔಟ್’ ಎಂಬ ಪ್ರತ್ಯೇಕ ಥೀಮ್ ಸೇರಿತು. ಟೆಲಿಗ್ರಾಂ 2017ರಲ್ಲಿ ಬಳಕೆದಾರರೇ ತಮಗೆ ಬೇಕಾದ ಬಣ್ಣ ಜೋಡಿಸಿಕೊಳ್ಳುವ ಅವಕಾಶವನ್ನು ಆಂಡ್ರಾಯ್ಡ್ ಫೋನುಗಳಿಗೆ ನೀಡಿತು. ಫೇಸ್‌ಬುಕ್ ಮೆಸೆಂಜರ್ 2019ರ ಮಾರ್ಚಿನಲ್ಲಿ ಡಾರ್ಕ್ ಮೋಡನ್ನು ಗುಟ್ಟಾಗಿ ಬಿಟ್ಟಿತ್ತು. ಚಾಟ್‌ನಲ್ಲಿ ಚಂದ್ರನ ಎಮೋಜಿ ಕಳಿಸಿದವರಿಗೆ ಮಾತ್ರ ಡಾರ್ಕ್ ಮೋಡ್ ತೆರೆದುಕೊಳ್ಳುತ್ತಿತ್ತು. ಮರುತಿಂಗಳು ಅದು ಎಲ್ಲರ ಸೆಟ್ಟಿಂಗ್ಸ್‌ಗೂ ಬಂತು.

2019ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ 10 ಮತ್ತು ಆ್ಯಪಲ್‌ನ ಐಒಎಸ್ 13 ಬಿಡುಗಡೆಯಾಗಿ, ಇಡೀ ಫೋನಿಗೆ ಅನ್ವಯಿಸುವ ಡಾರ್ಕ್ ಥೀಮ್ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ ಇದಕ್ಕೆ ಹೊಂದಿಕೊಂಡಿತು. ವಾಟ್ಸ್ಆ್ಯಪ್ 2020ರ ಮಾರ್ಚಿನಲ್ಲಿ ಡಾರ್ಕ್ ಮೋಡ್ ಪ್ರಕಟಿಸಿದಾಗ, ಅಚ್ಚ ಕಪ್ಪು ಮತ್ತು ಅಚ್ಚ ಬಿಳಿಯ ಜೋಡಿ ಕಣ್ಣನ್ನು ದಣಿಸಬಹುದೆಂಬ ಕಾರಣಕ್ಕೆ ಗಾಢ ಬೂದು ಹಿನ್ನೆಲೆ ಮತ್ತು ಮಾಸಲು ಬಿಳಿ ಅಕ್ಷರಗಳನ್ನು ಆರಿಸಿಕೊಂಡಿರುವುದಾಗಿ ತಿಳಿಸಿತು.

ಬಣ್ಣಗಳ ಆಯ್ಕೆ

ಡಾರ್ಕ್ ಥೀಮ್ ರೂಪಿಸುವಾಗ ಲೈಟ್ ಥೀಮಿನ ಬಣ್ಣಗಳನ್ನು ಸುಮ್ಮನೆ ತಲೆಕೆಳಗು ಮಾಡಿದರೆ ಸಾಲದು. ಗೂಗಲ್‌ನ ಮೆಟೀರಿಯಲ್ ಡಿಸೈನ್ ಮಾರ್ಗಸೂಚಿ ಹಿನ್ನೆಲೆಗೆ ಸೂಚಿಸಿದ್ದು #121212 ಸಂಕೇತದ ಗಾಢ ಬೂದು. ಬೂದು ಹಿನ್ನೆಲೆಯಲ್ಲಿ ಒಂದರ ಮೇಲೊಂದು ಬರುವ ಕಾರ್ಡ್, ಮೆನು, ಪಾಪ್‌ಅಪ್‌ಗಳನ್ನು ತುಸು ತಿಳಿಯಾದ ಬೂದಿನಿಂದ ಬೇರ್ಪಡಿಸಬಹುದು. ಅಚ್ಚ ಕಪ್ಪಿನ ಮೇಲಾದರೆ ಇವನ್ನು ಬೇರ್ಪಡಿಸುವ ನೆರಳು ಕಾಣುವುದೇ ಇಲ್ಲ. ಅಚ್ಚ ಕಪ್ಪಿಗೆ ಇನ್ನೊಂದು ತೊಡಕೂ ಇದೆ. ಓಎಲ್‌ಇಡಿ ಪರದೆಯಲ್ಲಿ ಪೂರ್ತಿ ಆರಿರುವ ಪಿಕ್ಸೆಲ್ ಮತ್ತೆ ಹೊತ್ತಿಕೊಳ್ಳಲು ಕೊಂಚ ತಡವಾಗುವುದರಿಂದ, ಪೋಸ್ಟ್‌ಗಳನ್ನು ವೇಗವಾಗಿ ಸರಿಸುವಾಗ ಅಕ್ಷರಗಳ ಅಂಚು ಎಳೆದಂತೆ ಮಸುಕಾಗುತ್ತದೆ.

ದಟ್ಟ ಬಣ್ಣಗಳೂ ಕಪ್ಪಿನ ಮೇಲೆ ಬೇರೆಯೇ ರೀತಿ ವರ್ತಿಸುತ್ತವೆ. ಕಣ್ಣಿನ ಮಸೂರ ಕೆಂಪು ಮತ್ತು ನೀಲಿ ಬೆಳಕನ್ನು ಒಂದೇ ದೂರದಲ್ಲಿ ಕೇಂದ್ರೀಕರಿಸಲಾರದು. ಹಾಗಾಗಿ ಕಪ್ಪು ಹಿನ್ನೆಲೆಯಲ್ಲಿ ಇವೆರಡು ಬಣ್ಣಗಳು ಅಕ್ಕಪಕ್ಕ ಬಂದರೆ ಒಂದು ಮುಂದೆ, ಒಂದು ಹಿಂದೆ ಇದ್ದಂತೆ ತೋರಿ ಕಿರಿಕಿರಿಯಾಗುತ್ತದೆ. ನೀಲಿ ಲಿಂಕುಗಳನ್ನೂ ಕೆಂಪು ನೋಟಿಫಿಕೇಷನ್ ಗುರುತುಗಳನ್ನೂ ಡಾರ್ಕ್ ಥೀಮಿನಲ್ಲಿ ತಿಳಿಗೊಳಿಸುವುದಕ್ಕೆ ಇದೂ ಒಂದು ಕಾರಣ.

ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ಅಂತರಕ್ಕೆ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಕನಿಷ್ಠ ಮಿತಿ ಗೊತ್ತುಪಡಿಸಿದೆ. ಸಾಮಾನ್ಯ ಅಕ್ಷರಗಳಿಗೆ 4.5:1, ದೊಡ್ಡ ಅಕ್ಷರಗಳಿಗೆ 3:1 ಇರಬೇಕು. ಅಚ್ಚ ಕಪ್ಪು ಮತ್ತು ಅಚ್ಚ ಬಿಳಿಯ ನಡುವೆ ಇದು 21:1. ಯಾವುದು ಅಕ್ಷರ, ಯಾವುದು ಹಿನ್ನೆಲೆ ಎಂಬುದನ್ನು ಈ ಲೆಕ್ಕ ಗಮನಿಸುವುದಿಲ್ಲ. ಓದುವ ಕಣ್ಣಿಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುತ್ತದೆ.

ಕಣ್ಣಿನ ಮೇಲಿನ ಪರಿಣಾಮ

ಬೆಳಕು ಹೆಚ್ಚಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ. ಪಾಪೆ ಕಿರಿದಾದಷ್ಟೂ ಕಣ್ಣಿನ ದೃಗ್ದೋಷಗಳು ಅಡಗಿ ಅಕ್ಷರದ ಅಂಚು ಚೂಪಾಗಿ ಕಾಣುತ್ತದೆ. ಬಿಳಿ ಹಿನ್ನೆಲೆಯಲ್ಲಿ ಓದು ಸಲೀಸಾಗುವುದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು. ಜರ್ಮನಿಯ ಡುಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಆಕ್ಸೆಲ್ ಬುಖ್ನರ್ ಮತ್ತು ಸಂಗಡಿಗರು 2007ರಿಂದ ಪ್ರಕಟಿಸಿದ ಅಧ್ಯಯನಗಳಲ್ಲಿ, ಬಿಳಿಯ ಮೇಲೆ ಕಪ್ಪು ಅಕ್ಷರ ಓದಿದವರು ತಪ್ಪು ಹುಡುಕುವ ಕೆಲಸದಲ್ಲಿ ಮುಂದಿದ್ದರು. 2013ರ ಅಧ್ಯಯನದಲ್ಲಿ ಕಿರಿಯರು, ಹಿರಿಯರು ಇಬ್ಬರಲ್ಲೂ ಇದೇ ಫಲಿತಾಂಶ ಬಂತು. ಅಕ್ಷರ ಚಿಕ್ಕದಾದಷ್ಟೂ ಬಿಳಿ ಹಿನ್ನೆಲೆಯ ಅನುಕೂಲ ಹೆಚ್ಚುತ್ತದೆ ಎಂಬುದು 2014ರ ಅಧ್ಯಯನದಿಂದ ತಿಳಿಯಿತು.

ಅಸ್ಟಿಗ್ಮ್ಯಾಟಿಸಂ ಇರುವವರಲ್ಲಿ ಕಾರ್ನಿಯಾದ ವಕ್ರತೆ ಎಲ್ಲ ದಿಕ್ಕಿನಲ್ಲೂ ಸಮನಾಗಿರುವುದಿಲ್ಲ. ಕಪ್ಪು ಪರದೆಗೆ ಪಾಪೆ ಹಿಗ್ಗಿದಾಗ ಈ ದೋಷ ಎದ್ದು ಕಾಣಿಸಿ, ಬಿಳಿ ಅಕ್ಷರದ ಸುತ್ತ ಪ್ರಭೆ ಹರಡಿದಂತಾಗುತ್ತದೆ. ಚಾಳೀಸು ಬಂದ ವಯಸ್ಸಿನವರಿಗೂ ಹಿಗ್ಗಿದ ಪಾಪೆಯಿಂದ ಹತ್ತಿರದ ಅಕ್ಷರ ಹಿಡಿಯುವುದು ಕಷ್ಟವಾಗಬಹುದು.

ಎಲ್ಲರ ಕಣ್ಣಿಗೂ ಇದೇ ಮಾತು ಹೊಂದದು. ಕಣ್ಣಿನ ಪೊರೆಯಂಥ ಕಾರಣಗಳಿಂದ ಕಣ್ಣೊಳಗಿನ ಮಾಧ್ಯಮ ಮಬ್ಬಾಗಿರುವವರಿಗೆ ಬಿಳಿ ಹಿನ್ನೆಲೆಯ ಬೆಳಕು ಚೆದುರಿ ಅಕ್ಷರವನ್ನೇ ಮುಚ್ಚುತ್ತದೆ. ಮಿನಿಸೋಟ ವಿಶ್ವವಿದ್ಯಾಲಯದ ಗಾರ್ಡನ್ ಲೆಗ್ ತಂಡ 1985ರಲ್ಲೇ ಇಂಥವರು ಕಪ್ಪಿನ ಮೇಲೆ ಬಿಳಿ ಅಕ್ಷರವನ್ನು ಹೆಚ್ಚು ವೇಗವಾಗಿ ಓದುತ್ತಾರೆಂದು ತೋರಿಸಿತ್ತು. ಬೆಳಕು ಸಹಿಸಲಾಗದವರಿಗೂ ಡಾರ್ಕ್ ಮೋಡ್ ಹಿತವೆನಿಸುತ್ತದೆ.

ಸಮೀಪದೃಷ್ಟಿಯ ವಿಷಯದಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಫ್ರಾಂಕ್ ಶೆಫೆಲ್ ತಂಡದ 2018ರ ಅಧ್ಯಯನ ಗಮನಾರ್ಹ. ಒಂದು ಗಂಟೆ ಬಿಳಿಯ ಮೇಲೆ ಕಪ್ಪು ಅಕ್ಷರ ಓದಿದವರಲ್ಲಿ ಕಣ್ಣಿನ ಹಿಂಭಾಗದ ಕೊರಾಯ್ಡ್ ಪದರ ತುಸು ತೆಳುವಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರ ಓದಿದವರಲ್ಲಿ ದಪ್ಪವಾಯಿತು. ಈ ಪದರ ತೆಳುವಾಗುವುದಕ್ಕೂ ಸಮೀಪದೃಷ್ಟಿ ಬೆಳೆಯುವುದಕ್ಕೂ ನಂಟಿದೆ. ಆದರೆ ಅಳೆದದ್ದು ಅಲ್ಪಾವಧಿಯ, ಮೈಕ್ರೊಮೀಟರ್‌ಗಳ ಮಟ್ಟದ ಬದಲಾವಣೆ. ಡಾರ್ಕ್ ಮೋಡ್ ಬಳಸಿದರೆ ಮಕ್ಕಳಿಗೆ ಕನ್ನಡಕ ಬರುವುದಿಲ್ಲ ಎಂದು ಇದರಿಂದ ಹೇಳಲಾಗದು.

ಕಣ್ಣಿನ ದಣಿವು

ಬಹಳ ಹೊತ್ತು ಫೋನು ನೋಡಿದ ಮೇಲೆ ಬರುವ ಕಣ್ಣುರಿ, ಒಣಗುವಿಕೆ, ತಲೆನೋವು, ಮಂಜು ಕವಿದಂತಾಗುವಿಕೆಗೆ ಹಿನ್ನೆಲೆಯ ಬಣ್ಣಕ್ಕಿಂತ ನೋಡುವ ರೀತಿಯೇ ದೊಡ್ಡ ಕಾರಣ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆ ದಿಟ್ಟಿಸುವಾಗ ಇದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದು ಕಣ್ಣೀರಿನ ಪೊರೆ ಆರುತ್ತದೆ. ಜೊತೆಗೆ ಹತ್ತಿರದ ವಸ್ತುವಿನ ಮೇಲೆ ನೋಟ ನಿಲ್ಲಿಸಲು ಕಣ್ಣೊಳಗಿನ ಸ್ನಾಯುಗಳು ಬಿಗಿ ಹಿಡಿದಿರುತ್ತವೆ. ಇವೆರಡೂ ಯಾವ ಥೀಮಿನಲ್ಲಾದರೂ ನಡೆಯುವಂಥವೇ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ 20-20-20 ಸೂತ್ರ ಈ ಸ್ನಾಯುಗಳಿಗೆ ಬಿಡುವು ಕೊಡುವ ಉಪಾಯ.

ಹೊರಗಿನ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ಡಾರ್ಕ್ ಮೋಡ್ ಹಾಕಿದರೆ ಪರದೆಯ ಗಾಜು ಕನ್ನಡಿಯಂತಾಗಿ ಅಕ್ಷರಕ್ಕಿಂತ ಓದುವವನ ಮುಖವೇ ಹೆಚ್ಚು ಕಾಣುತ್ತದೆ. ಕತ್ತಲ ಕೋಣೆಯಲ್ಲಿ ಇದಕ್ಕೆ ವಿರುದ್ಧ: ಬಿಳಿ ಪರದೆ ಕಣ್ಣು ಕುಕ್ಕುತ್ತದೆ, ಕಪ್ಪು ಪರದೆ ಆರಾಮ ಕೊಡುತ್ತದೆ.

ಸಾಮಾಜಿಕ ಜಾಲತಾಣಗಳಿಗೆ ಇನ್ನೊಂದು ಮಿತಿ ಇದೆ. ಥೀಮ್ ಬದಲಾಯಿಸುವುದು ಚೌಕಟ್ಟು, ಮೆನು, ಅಕ್ಷರಗಳ ಬಣ್ಣವನ್ನು ಮಾತ್ರ. ಜನ ಹಾಕಿದ ಫೋಟೊ, ವಿಡಿಯೊ ಇದ್ದಂತೆಯೇ ಇರುತ್ತವೆ. ಮಾತುಕತೆಯೇ ಹೆಚ್ಚಿರುವ ವಾಟ್ಸ್ಆ್ಯಪ್‌ನಲ್ಲಿ ಡಾರ್ಕ್ ಮೋಡ್ ಪರದೆಯ ಬೆಳಕನ್ನು ಬಹುಪಾಲು ತಗ್ಗಿಸುತ್ತದೆ. ರೀಲ್ಸ್ ಪೂರ್ತಿ ಪರದೆ ತುಂಬಿಕೊಂಡಾಗ ಅದಕ್ಕೆ ಕೆಲಸವೇ ಇರುವುದಿಲ್ಲ. ಕಪ್ಪು ಪುಟದಲ್ಲಿ ಓದುತ್ತಿದ್ದವರು ಒಂದು ಲಿಂಕ್ ಒತ್ತಿದೊಡನೆ ಬಿಳಿ ವೆಬ್‌ಪುಟ ತೆರೆದುಕೊಂಡರೆ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದು ಮೊದಲಿಗಿಂತ ಹೆಚ್ಚು ಕುಕ್ಕುತ್ತದೆ.

ನೀಲಿ ಬೆಳಕು ಮತ್ತು ನಿದ್ರೆ

ಡಾರ್ಕ್ ಮೋಡ್ ಮತ್ತು ನೀಲಿ ಬೆಳಕಿನ ಫಿಲ್ಟರ್ ಒಂದೇ ಎಂದು ಭಾವಿಸುವವರುಂಟು. ಪರದೆಗೆ ಹಳದಿ ಛಾಯೆ ಕೊಡುವ ನೈಟ್ ಶಿಫ್ಟ್, ನೈಟ್ ಲೈಟ್‌ಗಳು ಬೇರೆ ಬಗೆಯ ಸೌಲಭ್ಯಗಳು. ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ವಸ್ತುವಿರುವ ಕೆಲವು ಕೋಶಗಳು ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸಿ, ನಿದ್ರೆಗೆ ನೆರವಾಗುವ ಮೆಲಟೋನಿನ್ ಸ್ರಾವವನ್ನು ತಡೆಯುತ್ತವೆ. ಮಲಗುವ ಮುನ್ನ ಹೊಳೆಯುವ ಪರದೆಯಲ್ಲಿ ನಾಲ್ಕು ಗಂಟೆ ಓದಿದವರಿಗೆ ಮುದ್ರಿತ ಪುಸ್ತಕ ಓದಿದವರಿಗಿಂತ ತಡವಾಗಿ ನಿದ್ರೆ ಹತ್ತಿತೆಂದು ಬೋಸ್ಟನ್ನಿನ ಸಂಶೋಧಕರು 2015ರ ಆಸುಪಾಸಿನಲ್ಲಿ ವರದಿ ಮಾಡಿದರು. ಆದರೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ ನೈಟ್ ಶಿಫ್ಟ್ ಹಾಕಿದವರ ಮತ್ತು ಹಾಕದವರ ನಿದ್ರೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕಗಳಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಅನುಮಾನ ಎಂದು ಕಾಕ್ರೇನ್ ಸಂಸ್ಥೆಯ 2023ರ ಅಧ್ಯಯನ ವಿಮರ್ಶೆ ಅಭಿಪ್ರಾಯಪಟ್ಟಿತು. ಪರದೆಯ ಬೆಳಕಿನಿಂದ ಕಣ್ಣಿಗೆ ಹಾನಿಯಾಗುತ್ತದೆ ಎನ್ನಲು ಪುರಾವೆ ಇಲ್ಲ ಎಂಬುದು ಅಮೆರಿಕದ ನೇತ್ರತಜ್ಞರ ಅಕಾಡೆಮಿಯ ನಿಲುವು.

ಬ್ಯಾಟರಿ

ಎಲ್‌ಸಿಡಿ ಪರದೆಯಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಿರುವುದರಿಂದ ಹಿನ್ನೆಲೆ ಕಪ್ಪಾದರೂ ವಿದ್ಯುತ್ ಬಹಳವೇನೂ ಉಳಿಯದು. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ. ಕಪ್ಪು ಎಂದರೆ ಆರಿದ ಪಿಕ್ಸೆಲ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಗೂಗಲ್‌ನ ಆರು ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಪರದೆಯ ಪ್ರಖರತೆ ಪೂರ್ತಿ 100% ಇದ್ದಲ್ಲಿ ಡಾರ್ಕ್ ಮೋಡ್‌ನಿಂದ ಸರಾಸರಿ 39ರಿಂದ 47% ವಿದ್ಯುತ್ ಉಳಿಯಿತು. ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ 30ರಿಂದ 50% ಪ್ರಖರತೆಯಲ್ಲಿ ಉಳಿದದ್ದು 3ರಿಂದ 9% ಮಾತ್ರ.

ಕನ್ನಡ ಲಿಪಿ

ಕಪ್ಪಿನ ಮೇಲಿನ ಬಿಳಿ ಆಕಾರ ತನ್ನ ನಿಜಗಾತ್ರಕ್ಕಿಂತ ತುಸು ದಪ್ಪಗೆ ಕಾಣುತ್ತದೆ. 19ನೇ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ ಈ ಭ್ರಮೆಯನ್ನು ವಿವರವಾಗಿ ಚರ್ಚಿಸಿದ್ದರು. ದುಂಡನೆಯ ಸುರುಳಿಗಳೂ ಒತ್ತಕ್ಷರಗಳೂ ಇರುವ ಕನ್ನಡಕ್ಕೆ ಇದು ಮುಖ್ಯ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟಿನಲ್ಲಿದೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಮೂಲ ಅಕ್ಷರಕ್ಕಿಂತ ಚಿಕ್ಕದಾದ ಒತ್ತುಗಳು ಒಟ್ಟೊಟ್ಟಾಗಿ ಬರುತ್ತವೆ. ಬಿಳಿ ಗೆರೆಗಳು ದಪ್ಪಗಾದಾಗ ಒಳಗಿನ ಸಂದುಗಳು ಮುಚ್ಚಿಕೊಂಡು ಇವನ್ನು ಗುರುತಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಡಾರ್ಕ್ ಮೋಡ್‌ನಲ್ಲಿ ಕನ್ನಡ ಓದುವವರು ಅಕ್ಷರದ ಗಾತ್ರವನ್ನು ಒಂದು ಹಂತ ಹೆಚ್ಚಿಸಿಕೊಳ್ಳುವುದು, ಬೋಲ್ಡ್ ಅಕ್ಷರ ಬಳಸದಿರುವುದು ಅನುಕೂಲ.

ಬಳಕೆಗೆ ಸೂಚನೆಗಳು

ಹಗಲಿನಲ್ಲಿ ಮತ್ತು ದೀಪವಿರುವ ಕೋಣೆಯಲ್ಲಿ ದೀರ್ಘ ಓದಿಗೆ ಲೈಟ್ ಮೋಡ್, ಮಂದ ಬೆಳಕಿನಲ್ಲಿ ಡಾರ್ಕ್ ಮೋಡ್ ಹೊಂದುತ್ತದೆ. ಎರಡರಲ್ಲೂ ಪರದೆಯ ಪ್ರಖರತೆ ಸುತ್ತಲಿನ ಬೆಳಕಿಗೆ ಸರಿಹೊಂದುವಂತಿರಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಡಾರ್ಕ್ ಥೀಮ್ ತಾನಾಗಿ ಬರುವಂತೆ ಇಟ್ಟು, ಆ್ಯಪ್‌ಗಳಲ್ಲಿ ‘ಸಿಸ್ಟಂ ಡೀಫಾಲ್ಟ್’ ಆರಿಸಿದರೆ ಪದೇಪದೇ ಬದಲಾಯಿಸುವ ತಾಪತ್ರಯ ಇರುವುದಿಲ್ಲ. ಬಿಳಿ ಅಕ್ಷರಗಳ ಸುತ್ತ ಪ್ರಭೆ ಕಾಣುವುದು, ಒಂದೇ ಅಕ್ಷರ ಎರಡಾಗಿ ತೋರುವುದು ಕಂಡುಬಂದರೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಡಾರ್ಕ್ ಮೋಡ್ ಒಂದು ಅನುಕೂಲವೇ ಹೊರತು ಚಿಕಿತ್ಸೆಯಲ್ಲ. ಫೋನು ನೋಡುವ ಹೊತ್ತು ಕಡಿಮೆ ಮಾಡುವುದಕ್ಕೆ ಯಾವ ಬಣ್ಣವೂ ಬದಲಿಯಾಗದು.