ಧಾರವಾಡ ಶಿಲಾಸಮುದಾಯ: ಒಂದು ವರ್ಗೀಕರಣದ ಇತಿಹಾಸ

ಶಿಲೆಗಳನ್ನು ಅಗ್ನಿಶಿಲೆ, ಜಲಜಶಿಲೆ, ರೂಪಾಂತರಿತ ಶಿಲೆ ಎಂದು ಮೂರು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಕರಗಿದ ದ್ರವ್ಯವು ಆರಿ ಗಟ್ಟಿಯಾದುದು ಮೊದಲನೆಯದು. ಹೊಳೆಗಳು ಸವೆಯಿಸಿ ತಂದ ಮರಳು ಮಣ್ಣುಗಳು ನೀರಿನಡಿಯಲ್ಲಿ ಪದರಪದರವಾಗಿ ಕೂಡಿ ಬಿಗಿದುದು ಎರಡನೆಯದು. ಇವುಗಳಲ್ಲಿ ಯಾವುದಾದರೂ ಭೂಗರ್ಭದ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಕರಗದೆಯೇ ಬೇರೊಂದು ರೂಪವನ್ನು ತಾಳಿದುದು ಮೂರನೆಯದು. ಹೇಳುವುದಕ್ಕೆ ಇದು ಸುಲಭ. ಬಯಲಿನಲ್ಲಿ ನಿಂತು ಒಂದು ಬಂಡೆಯನ್ನು ಇಂಥ ವರ್ಗದ್ದೆಂದು ನಿರ್ಧರಿಸುವುದು ಅಷ್ಟು ಸುಲಭವಲ್ಲ. ಈ ವಿಂಗಡಣೆ ಕಲ್ಲಿನ ಬಣ್ಣವನ್ನಾಗಲಿ ಗಡಸುತನವನ್ನಾಗಲಿ ಆಧರಿಸಿದುದಲ್ಲ. ಅದರ ಹುಟ್ಟನ್ನು ಆಧರಿಸಿದುದು. ಆದಕಾರಣ ಒಂದು ಶಿಲೆಗೆ ವರ್ಗವನ್ನು ಕೊಡುವುದೆಂದರೆ ಅದರ ಪೂರ್ವಚರಿತ್ರೆಯ ವಿಷಯದಲ್ಲಿ ತೀರ್ಪು ಕೊಟ್ಟಂತೆಯೇ ಸರಿ. ಆ ತೀರ್ಪು ತಪ್ಪಿದರೆ ನೆರೆಯ ಶಿಲೆಗಳ ಕಾಲಾನುಕ್ರಮವೂ ತಲೆಕೆಳಗಾಗುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಹೀಗೆಯೇ ನಡೆಯಿತು.

ಹುಟ್ಟನ್ನು ಲೆಕ್ಕಿಸದ ವಿಂಗಡಣೆಗಳೂ ಉಂಟು. ಅವನ್ನು ಹಗುರವಾಗಿ ಕಾಣಬೇಕಾದುದಿಲ್ಲ. ನಮ್ಮ ಶಿಲ್ಪಶಾಸ್ತ್ರಗಳು ಕಲ್ಲನ್ನು ತಟ್ಟಿದಾಗ ಬರುವ ನಾದವೇ ಮೊದಲಾದ ಲಕ್ಷಣಗಳಿಂದ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಭೇದ ಮಾಡಿವೆ. ಉಳಿಗೆ ಮಣಿಯುವ ಬಳಪದ ಕಲ್ಲನ್ನು ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡದ್ದು ಅದರ ಗುಣವನ್ನು ಚೆನ್ನಾಗಿ ಅರಿತೇ. ಕೆಲಸಕ್ಕೆ ಬೇಕಾದ ತಿಳಿವಳಿಕೆ ಅಲ್ಲಿ ಪೂರ್ಣವಾಗಿತ್ತು. ಈ ಕಲ್ಲು ಎಂದು, ಹೇಗೆ ಆಯಿತು ಎಂಬುದು ಶಿಲ್ಪಿಯ ಪ್ರಶ್ನೆಯಾಗಿರಲಿಲ್ಲ, ಅಷ್ಟೆ.

ಆ ಪ್ರಶ್ನೆ ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತೀವ್ರವಾಯಿತು. ಜರ್ಮನಿಯ ಫ್ರೈಬರ್ಗ್ ಗಣಿವಿದ್ಯಾಶಾಲೆಯಲ್ಲಿ 1775ರಿಂದ ಬೋಧಿಸುತ್ತಿದ್ದ ವೆರ್ನರನು ಗ್ರಾನೈಟು, ಬಸಾಲ್ಟುಗಳು ಸಹ ಆದಿಸಾಗರದ ನೀರಿನಿಂದಲೇ ತಳವೂರಿದುವೆಂದು ಸಾರಿದನು. ಫ್ರಾನ್ಸಿನ ದೆಮರೆ ಎಂಬಾತನು ಓವರ್ನ್ ಪ್ರಾಂತದಲ್ಲಿ ಬಸಾಲ್ಟಿನ ಜಾಡನ್ನೇ ಹಿಡಿದು ನಡೆದು ಆರಿದ ಜ್ವಾಲಾಮುಖಿಗಳನ್ನು ತೋರಿಸಿದ್ದರೂ ವೆರ್ನರನ ಶಿಷ್ಯವರ್ಗ ಬಹುಕಾಲ ಅದನ್ನು ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಕಪ್ಪು ಪದರಗಲ್ಲನ್ನು ಸೀಳಿಕೊಂಡು ಒಳನುಗ್ಗಿರುವುದನ್ನು ಕಂಡನು. ಸೀಳಿದ ಗ್ರಾನೈಟು ಒಮ್ಮೆ ದ್ರವವಾಗಿದ್ದಿರಬೇಕು. ಸೀಳಿಸಿಕೊಂಡ ಶಿಲೆ ಅದಕ್ಕಿಂತ ಹಿರಿದಾಗಿರಬೇಕು. ಈ ಒಂದು ಸೂತ್ರವನ್ನು ವಾಚಕರು ನೆನಪಿನಲ್ಲಿಡಬೇಕು. ಮೂರನೆಯ ವರ್ಗಕ್ಕೆ ಹೆಸರು ಬಂದುದು 1833ರಲ್ಲಿ, ಲಯಲನ ಗ್ರಂಥದಿಂದ.

ಈಗ ನಮ್ಮ ನಾಡಿಗೆ ಬರೋಣ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟರು 1880ರ ದಶಕದಲ್ಲಿ ಧಾರವಾಡ, ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಉದ್ದುದ್ದನೆಯ ಪಟ್ಟಿಗಳಾಗಿ ಹಬ್ಬಿರುವ ಷಿಸ್ಟುಗಳನ್ನು, ಅಂದರೆ ಪದರು ಬಿಡುವ ರೂಪಾಂತರಿತ ಶಿಲೆಗಳನ್ನು, ಸುತ್ತಲಿನ ನೈಸ್‌ನಿಂದ ಬೇರ್ಪಡಿಸಿ ‘ಧಾರವಾಡ’ ಎಂದು ಹೆಸರಿಟ್ಟರು. ನೈಸ್ ಎಂಬುದು ಗ್ರಾನೈಟನ್ನು ಹೋಲುವ, ಬಿಳಿ ಕಪ್ಪು ಪಟ್ಟೆಗಳುಳ್ಳ ಗಟ್ಟಿಶಿಲೆ. ಈ ಸೀಮೆಯ ನೆಲದ ಬಹುಭಾಗ ಅದೇ. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಷಿಸ್ಟು ಪಟ್ಟಿಗಳಲ್ಲಿದೆ ಎಂದು ಅವರು ತೋರಿಸಿದುದರಿಂದ ವಿಷಯವು ಕೇವಲ ಪಂಡಿತರ ವಿಚಾರವಾಗಿ ಉಳಿಯಲಿಲ್ಲ. ಫೂಟರ ಅಭಿಪ್ರಾಯದಲ್ಲಿ ನೈಸ್ ಹಳೆಯ ನೆಲ. ಧಾರವಾಡ ಶಿಲೆಗಳು ಅದರ ಮೇಲೆ ಲಾವಾದ ಜೊತೆಗೆ ನೀರಿನಲ್ಲಿ ಸಂಚಯವಾದ ಪದರಗಳು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪಿತವಾದಾಗ ಅದರ ಮೊದಲ ಹೊಣೆ ಅವರದೇ ಆಯಿತು.

ಅನಂತರ ಇಲಾಖೆಯ ಮುಖ್ಯಸ್ಥರಾದ ಡಬ್ಲ್ಯು. ಎಫ್. ಸ್ಮೀತರು ಈ ಚಿತ್ರವನ್ನು ಬುಡಮೇಲು ಮಾಡಿದರು. ಮೈಸೂರಿನ ಭೂಚರಿತ್ರೆಯನ್ನು ಕುರಿತು 1916ರಲ್ಲಿ ಪ್ರಕಟವಾದ ಅವರ ಬರಹದ ಸಾರವಿಷ್ಟು: ಧಾರವಾಡ ಶಿಲೆಗಳೆಲ್ಲ ಮೂಲತಃ ಅಗ್ನಿಶಿಲೆಗಳೇ. ಅವುಗಳ ನಡುವಣ ಬೆಣಚುಶಿಲೆ, ಸುಣ್ಣಕಲ್ಲು, ಕಬ್ಬಿಣದ ಪಟ್ಟೆಶಿಲೆಗಳು ಕೂಡ ಅಗ್ನಿಶಿಲೆಗಳು ಮಾರ್ಪಟ್ಟು ಆದುವೇ ಹೊರತು ನೀರಿನಲ್ಲಿ ತಳವೂರಿದುವಲ್ಲ. ನೈಸ್ ಇವುಗಳೊಳಕ್ಕೆ ಕರಗಿದ ರೂಪದಲ್ಲಿ ನುಗ್ಗಿ ಬಂದುದು. ಆದ್ದರಿಂದ ಅದೇ ಕಿರಿಯದು. ಇಂದು ಕೇಳಿದರೆ ಅತಿರೇಕವೆನಿಸುವ ಮಾತು. ಆದರೆ ಸ್ಮೀತರು ಬಯಲನ್ನು ಕಾಣದೆ ಬರೆದವರಲ್ಲ. ನೈಸ್ ಮತ್ತು ಗ್ರಾನೈಟುಗಳು ಷಿಸ್ಟನ್ನು ಸೀಳಿಕೊಂಡು ಹೋಗಿರುವುದನ್ನು, ಷಿಸ್ಟಿನ ತುಂಡುಗಳು ನೈಸ್‌ನ ಒಡಲಲ್ಲಿ ಸಿಕ್ಕಿಬಿದ್ದಿರುವುದನ್ನು ಅವರ ಇಲಾಖೆ ಎಡೆಎಡೆಗಳಲ್ಲಿ ಗುರುತಿಸಿತ್ತು. ಹಟನನ ಸೂತ್ರವನ್ನು ಅನ್ವಯಿಸಿದರೆ ಬರುವ ತೀರ್ಮಾನ ಇದೇ ತಾನೆ?

ತೊಡಕಾದುದು ಕಾಂಗ್ಲಾಮರೇಟು. ಉರುಟಾದ ಗುಂಡುಕಲ್ಲುಗಳು ಮರಳಿನೊಡನೆ ಅಂಟಿಕೊಂಡು ಒಂದೇ ಬಂಡೆಯಾದ ಶಿಲೆಗೆ ಆ ಹೆಸರು. ಹೊಳೆಯ ಪಾತ್ರವೇ ಕಲ್ಲಾಗಿ ನಿಂತಂತೆ ಅದು ಕಾಣುತ್ತದೆ. ಇಂಥ ಶಿಲೆಗಳು ಧಾರವಾಡ ಪಟ್ಟಿಗಳಲ್ಲಿ ಹಲವೆಡೆ ಇವೆ. ನೀರಿನ ಕೆಲಸವನ್ನು ಒಪ್ಪದ ಸ್ಮೀತರು ಇವುಗಳಿಗೆ ಬೇರೊಂದು ವಿವರಣೆ ಕೊಡಬೇಕಾಯಿತು: ಭೂಚಲನೆಯ ಒತ್ತಡಕ್ಕೆ ಬಂಡೆ ಇದ್ದಲ್ಲಿಯೇ ನುಗ್ಗಾಗಿ, ಚೂರುಗಳು ಒಂದಕ್ಕೊಂದು ಉಜ್ಜಿ ಉರುಟಾದುವು ಎಂದು. ಅಂಥ ಹುಸಿ ಕಾಂಗ್ಲಾಮರೇಟುಗಳು ಪ್ರಕೃತಿಯಲ್ಲಿ ಇಲ್ಲದೆ ಇಲ್ಲ. ಆದರೆ ಎಲ್ಲವನ್ನೂ ಹಾಗೆನ್ನಬಹುದೆ?

ಇದಕ್ಕೆ ಉತ್ತರ ದೊರೆತುದು ಗುಂಡುಕಲ್ಲುಗಳನ್ನು ಒಂದೊಂದಾಗಿ ನೋಡಿದ್ದರಿಂದ. ಆಗ ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದ ಕಾಂಗ್ಲಾಮರೇಟನ್ನು ಕುರಿತು ಸಿ. ಎಸ್. ಪಿಚ್ಚಮುತ್ತು ಅವರು 1935ರಲ್ಲಿ ಲೇಖನವನ್ನು ಪ್ರಕಟಿಸಿದರು. ಇದ್ದಲ್ಲಿಯೇ ನುಗ್ಗಾದ ಬಂಡೆಯಲ್ಲಿ ಅದೇ ಬಂಡೆಯ ಚೂರುಗಳು ಇರಬೇಕು. ಕಲ್ದುರ್ಗದಲ್ಲಿರುವುದಾದರೋ ಹಲವು ಜಾತಿಯ ಕಲ್ಲುಗಳ ಬೆರಕೆ. ಅವುಗಳಲ್ಲಿ ಗ್ರಾನೈಟು, ನೈಸ್ ಜಾತಿಯ ಗುಂಡುಗಳೂ ಸೇರಿವೆ. ಬೇರೆ ಬೇರೆ ನೆಲೆಗಳಿಂದ ಕಲ್ಲುಗಳನ್ನು ಉರುಳಿಸಿ ತಂದು ಒಂದೆಡೆ ರಾಶಿ ಹಾಕಬಲ್ಲುದು ನೀರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಧಾರವಾಡ ಶಿಲೆಯ ಹೊಟ್ಟೆಯಲ್ಲಿ ನೈಸ್‌ನ ಗುಂಡುಕಲ್ಲು ಇರಬೇಕಾದರೆ, ಆ ನೈಸ್ ಅದಕ್ಕೆ ಮೊದಲೇ ಇದ್ದು, ಮೇಲೆದ್ದು, ಸವೆದಿರಬೇಕು. ಒಂದು ಶಿಲೆಯನ್ನು ಅಗ್ನಿಯ ವರ್ಗದಿಂದ ಜಲದ ವರ್ಗಕ್ಕೆ ಸರಿಸಿದೊಡನೆ ಹಿರಿಯದು ಕಿರಿಯದಾಯಿತು, ಕಿರಿಯದು ಹಿರಿದಾಯಿತು!

ಬೆಣಚುಶಿಲೆಗಳಲ್ಲಿ ನೀರಿನ ಹರಿವು ಮೂಡಿಸಿದ ಓರೆಪದರಗಳು, ಅಲೆಗಳ ಗೆರೆಗಳು ಕಾಣಸಿಕ್ಕುವು. ಇಲಾಖೆಯೊಳಗೇ ಬಿ. ರಾಮರಾವ್ ಅವರು ಮುಖ್ಯಸ್ಥರ ಹಳೆಯ ಮತವನ್ನು ಪರಿಷ್ಕರಿಸಿ, ಧಾರವಾಡದಲ್ಲಿ ಜಲಜಶಿಲೆಗಳ ಪಾಲು ಗಣನೀಯವೆಂದು 1940ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಹಾಗೆಂದು ಸ್ಮೀತರ ಪಕ್ಷ ಪೂರ್ತಿ ಬಿದ್ದುಹೋಗಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಅವು ನೀರಿನಡಿಯಲ್ಲಿ ಉಕ್ಕಿ ಥಟ್ಟನೆ ಆರಿದ ಲಾವಾ. ಬೆಂಕಿಯೂ ನೀರೂ ಅಲ್ಲಿ ಒಟ್ಟಿಗೆ ದುಡಿದಿವೆ.

ಕಾಲದ ಪ್ರಶ್ನೆ ಬಗೆಹರಿದುದು ಮತ್ತೂ ತಡವಾಗಿ. ಜಿರ್ಕಾನ್ ಎಂಬ ಖನಿಜದಲ್ಲಿರುವ ಯುರೇನಿಯಂ ಗೊತ್ತಾದ ದರದಲ್ಲಿ ಸೀಸವಾಗಿ ಮಾರ್ಪಡುವುದರಿಂದ, ಅವೆರಡರ ಪ್ರಮಾಣವನ್ನು ಅಳೆದು ಶಿಲೆಯ ವಯಸ್ಸನ್ನು ತಿಳಿಯಬಹುದು. ಅದರಂತೆ ನೈಸ್‌ನ ಬಹುಭಾಗ ಸುಮಾರು 340ರಿಂದ 300 ಕೋಟಿ ವರ್ಷಗಳ ಹಿಂದಿನದು. ಧಾರವಾಡ ಶಿಲೆಗಳು ಸುಮಾರು 290ರಿಂದ 260 ಕೋಟಿ ವರ್ಷಗಳಷ್ಟು ಹಳೆಯವು. ಇಷ್ಟರಿಂದ ಫೂಟರೇ ಗೆದ್ದರೆನ್ನುವಂತಿಲ್ಲ. ಸ್ಮೀತರು ನೈಸ್‌ನೊಳಗೆ ಸಿಕ್ಕಿಬಿದ್ದಿರುವುದಾಗಿ ಕಂಡ ಷಿಸ್ಟು ತುಂಡುಗಳಲ್ಲಿ ಬಹಳಷ್ಟು ನಿಜವಾಗಿಯೂ ನೈಸ್‌ಗಿಂತ ಹಳೆಯವೇ. ಆದರೆ ಅವು ಧಾರವಾಡದವಲ್ಲ. ಅವನ್ನು 1970ರ ದಶಕದಿಂದ ಸರಗೂರಿನ ಹೆಸರಿನಲ್ಲಿ ಪ್ರತ್ಯೇಕ ಗುಂಪಾಗಿ ಎಣಿಸಲಾಗಿದೆ. ಧಾರವಾಡ ಷಿಸ್ಟನ್ನೇ ಸೀಳಿರುವ ಗ್ರಾನೈಟುಗಳೂ ಉಂಟು. ಅವು ನೈಸ್‌ಗಿಂತ ಬಹಳ ಕಿರಿಯವು. ರಾಮನಗರದ ಬೆಟ್ಟಗಳ ಗ್ರಾನೈಟಿಗೆ, ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯಲ್ಪಡುವುದಕ್ಕೆ, ಸುಮಾರು 250 ಕೋಟಿ ವರ್ಷಗಳು. ನೋಡಲು ಒಂದೇ ಬಗೆಯ ಎರಡು ಷಿಸ್ಟುಗಳನ್ನು ಒಂದೆಂದು ಎಣಿಸಿದ್ದೇ ಸ್ಮೀತರ ತಪ್ಪು. ಅವರ ಕಣ್ಣನ್ನು ದೂಷಿಸುವಂತಿಲ್ಲ. ಕಂಡುದನ್ನು ಎಲ್ಲೆಡೆಗೂ ಹಬ್ಬಿಸಿದ ಆತುರವನ್ನು ದೂಷಿಸಬಹುದು.

ಸುಣ್ಣಕಲ್ಲಿನ ವಿಷಯದಲ್ಲಂತೂ ಸಂಶಯ ಉಳಿದಿಲ್ಲ. ಶಿವಮೊಗ್ಗ, ಚಿತ್ರದುರ್ಗ ಪಟ್ಟಿಗಳ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟುಗಳು ದೊರೆತಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪೊರೆಯ ಮೇಲೆ ಪೊರೆಯಾಗಿ ಕಟ್ಟಿದ ರಚನೆಗಳಿವು. ಅಗ್ನಿಶಿಲೆಯೆಂದು ಒಮ್ಮೆ ಬರೆದಿಟ್ಟ ಕಲ್ಲಿನೊಳಗೆ ಜೀವದ ಗುರುತು ಇದ್ದಿತು.

ಸ್ಮೀತರ ಸಿದ್ಧಾಂತ ಹೋಯಿತು. ಅವರಿಟ್ಟ ಹೆಸರು ಹೋಗಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷಗಳದು. ಅದಿಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ಇಂದಿಗೂ 1916ರಲ್ಲಿ ಅವರು ಕೊಟ್ಟ ‘ಪೆನಿನ್ಸುಲರ್ ನೈಸ್’ ಎಂಬ ಹೆಸರಿನಿಂದಲೇ ಕರೆಯುತ್ತಾರೆ.