ಇತ್ಸಿಂಗನ ಪ್ರಯಾಣಸಿದ್ಧತೆ

ಪರದೇಶಕ್ಕೆ ಹೊರಟವನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂಬ ವಿಷಯದಲ್ಲಿ ಮನೆಯವರಿಗೆಲ್ಲ ಒಂದೊಂದು ಅಭಿಪ್ರಾಯವಿರುತ್ತದೆ. ತಾಯಿ ಉಪ್ಪಿನಕಾಯಿಯ ಭರಣಿಯನ್ನು ತಂದಿಡುತ್ತಾಳೆ; ತಂದೆ ಹಣವನ್ನು ಮೂರು ಬಾರಿ ಎಣಿಸುತ್ತಾನೆ; ಒಮ್ಮೆ ಹೋಗಿ ಬಂದ ನೆಂಟರು ಅಲ್ಲಿನ ಚಳಿಯನ್ನು ವರ್ಣಿಸುತ್ತಾರೆ. ಈ ಚಿಂತೆ ಹೊಸದಲ್ಲ. ಸಾವಿರದ ಮುನ್ನೂರು ವರ್ಷಗಳ ಹಿಂದೆ ನಮ್ಮ ದೇಶವೇ ಪರದೇಶವಾಗಿದ್ದವನೊಬ್ಬನು ಈ ಎಲ್ಲವನ್ನೂ ಯೋಚಿಸಿ, ಅನುಭವಿಸಿ, ಬರೆದಿಟ್ಟಿದ್ದಾನೆ. ಅವನ ಹೆಸರು ಇತ್ಸಿಂಗ್, ಚೀನದ ಬೌದ್ಧಭಿಕ್ಷು.

ಪುಲಕೇಶಿಯ ರಾಜ್ಯವನ್ನು ಕಂಡು ಹೊಗಳಿದ ಹ್ಯೂಯನ್ ತ್ಸಾಂಗನನ್ನು ನಾವೆಲ್ಲರೂ ಬಲ್ಲೆವು. ಇತ್ಸಿಂಗನಿಗೆ ಅಷ್ಟು ಪ್ರಸಿದ್ಧಿಯಿಲ್ಲ. ಹ್ಯೂಯನ್ ತ್ಸಾಂಗನ ಕಣ್ಣು ರಾಜರ ಮೇಲೆಯೂ ರಾಜ್ಯಗಳ ಮೇಲೆಯೂ ಇದ್ದಿತು. ಇವನ ಕಣ್ಣು ಬಚ್ಚಲು, ಅಡಿಗೆಮನೆ, ನೀರಿನ ಪಾತ್ರೆಗಳ ಮೇಲೆ. ಆದುದರಿಂದಲೇ, ನನ್ನ ಮಟ್ಟಿಗೆ, ಇವನೇ ಹೆಚ್ಚು ಆಪ್ತನು.

ಹೊರಡುವ ಮಾತಾದಾಗ ಜೊತೆಗಾರರು ಹಲವರಿದ್ದರು. ದಿನ ಸಮೀಪಿಸಿದಂತೆ ಒಬ್ಬನಿಗೆ ಮುದಿತಾಯಿಯ ನೆನಪಾಯಿತು. ಇನ್ನೊಬ್ಬನ ಮನಸ್ಸು ಬೇರೆಡೆಗೆ ತಿರುಗಿತು. ಕಡೆಗೆ ಉಳಿದವನು ಒಬ್ಬ ಕಿರಿಯ ಶಿಷ್ಯನು ಮಾತ್ರ. ಇತ್ಸಿಂಗನು ತೀರಿಹೋಗಿದ್ದ ಒಬ್ಬ ಗುರುವಿನ ಸಮಾಧಿಗೆ ನಮಸ್ಕರಿಸಿ, ಬದುಕಿದ್ದ ಇನ್ನೊಬ್ಬ ಗುರುವಿನ ಅಪ್ಪಣೆ ಪಡೆದು, ಒಬ್ಬ ಅಧಿಕಾರಿಯ ಸಹಾಯದಿಂದ ದಾರಿಯ ವೆಚ್ಚವನ್ನು ಹೊಂದಿಸಿಕೊಂಡು, ಕ್ರಿ. ಶ. 671ರಲ್ಲಿ ಕ್ಯಾಂಟನ್ ಬಂದರಿನಲ್ಲಿ ಪಾರಸೀಕ ವರ್ತಕನ ಹಡಗನ್ನೇರಿದನು. ಆಗ ಅವನಿಗೆ ಮೂವತ್ತೈದು ವರ್ಷ ದಾಟಿತ್ತು.

ಇಪ್ಪತ್ತು ದಿನಗಳೊಳಗಾಗಿ ಹಡಗು ಸುಮಾತ್ರ ದ್ವೀಪದ ಶ್ರೀವಿಜಯವನ್ನು ಮುಟ್ಟಿತು. ಅವನ ವಿವೇಕವು ಗೋಚರವಾಗುವುದು ಇಲ್ಲಿಯೇ. ಭಾರತಕ್ಕೆ ಆತುರದಿಂದ ಓಡದೆ, ಅಲ್ಲಿಯೇ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣವನ್ನು ಅಭ್ಯಾಸಮಾಡಿದನು. ಆ ಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಭಿಕ್ಷುಗಳಿದ್ದರು. ಅವರ ನಿಯಮಗಳು ಭಾರತದವಂತೆಯೇ ಇದ್ದುವು. ಭಾರತಕ್ಕೆ ಹೋಗಬಯಸುವ ಚೀನೀಯನು ಮೊದಲು ಇಲ್ಲಿ ಒಂದೆರಡು ವರ್ಷ ನಿಂತು, ನಡೆನುಡಿಗಳನ್ನು ಕಲಿತು, ಆಮೇಲೆ ಮುಂದುವರಿಯಬೇಕೆಂಬುದು ಅವನ ಸಲಹೆ. ಜೊತೆಗೆ ಬಂದಿದ್ದ ಶಿಷ್ಯನಿಗೆ ಈ ಭಾಗ್ಯ ಒದಗಲಿಲ್ಲ. ಕಾಯಿಲೆ ಬಿದ್ದು ಇಲ್ಲಿಂದಲೇ ಊರಿಗೆ ಹಿಂದಿರುಗಿದನು.

ಅಲ್ಲಿಂದ ಮುಂದೆ ಬತ್ತಲೆ ಜನರ ದ್ವೀಪ, ಎಂದರೆ ನಿಕೋಬಾರ್. ಹಡಗು ಕಂಡೊಡನೆ ಜನರು ದೋಣಿಗಳಲ್ಲಿ ತೆಂಗಿನಕಾಯಿ, ಬಾಳೆಹಣ್ಣುಗಳನ್ನು ತುಂಬಿಕೊಂಡು ಬಂದರು. ಅವರಿಗೆ ಬೇಕಾದುದು ಚಿನ್ನವಲ್ಲ, ಬಟ್ಟೆಯೂ ಅಲ್ಲ, ಕಬ್ಬಿಣ. ಎರಡು ಬೆರಳಿನಷ್ಟು ಕಬ್ಬಿಣಕ್ಕೆ ಐದು ಹತ್ತು ಕಾಯಿ! ವ್ಯಾಪಾರಕ್ಕೆ ಒಪ್ಪದಿದ್ದರೆ ವಿಷದ ಬಾಣ. ಯಾವ ಊರಿನಲ್ಲಿ ಯಾವ ನಾಣ್ಯ ಚಲಾವಣೆಯಾಗುತ್ತದೆಂಬುದನ್ನು ಹಡಗಿನವರು ಮೊದಲೇ ತಿಳಿದಿರಬೇಕಾಗಿತ್ತು.

673ರಲ್ಲಿ ಅವನು ವಂಗದೇಶದ ತಾಮ್ರಲಿಪ್ತಿಯಲ್ಲಿ ಇಳಿದನು. ಅಲ್ಲಿ ಹನ್ನೆರಡು ವರ್ಷ ನೆಲೆಸಿದ್ದ ಒಬ್ಬ ಸ್ವದೇಶೀಯ ಭಿಕ್ಷುವು ದೊರೆತನು. ಅವನೊಡನೆ ಸುಮಾರು ಒಂದು ವರ್ಷವಿದ್ದು ಭಾಷೆಯನ್ನು ಇನ್ನಷ್ಟು ತಿದ್ದಿಕೊಂಡು, ನೂರಾರು ವರ್ತಕರ ತಂಡದೊಡನೆ ಮಗಧದ ಕಡೆಗೆ ಹೊರಟನು. ಒಂಟಿಯಾಗಿ ಹೋಗಬಾರದೆಂದು ತಿಳಿದೇ ಇಷ್ಟು ಜನರ ಜೊತೆ ಹಿಡಿದುದು; ಆದರೆ ರೋಗಕ್ಕೆ ಯಾವ ಜೊತೆ? ದಾರಿಯಲ್ಲಿ ಮೈಗೆಟ್ಟು, ಹೆಜ್ಜೆಹೆಜ್ಜೆಗೂ ಕುಳಿತು ಏಳುತ್ತ, ಬೆಟ್ಟದ ಕಣಿವೆಯಲ್ಲಿ ಅವನೊಬ್ಬನೇ ಹಿಂದುಳಿದನು. ಹೊತ್ತು ಇಳಿಯುವಾಗ ಬಿಲ್ಲು ಹಿಡಿದ ಕಳ್ಳರು ಬಂದು ಮೇಲುಬಟ್ಟೆ, ಕೆಳಬಟ್ಟೆ, ನಡುಕಟ್ಟುಗಳೆಲ್ಲವನ್ನೂ ಕಿತ್ತುಕೊಂಡರು. ಬಿಳಿಯ ಮೈಯವನು ಸಿಕ್ಕಿದರೆ ಬಲಿಕೊಡುತ್ತಾರೆಂಬ ವದಂತಿಯನ್ನು ಅವನು ಕೇಳಿದ್ದನು. ಕೆಸರಿನ ಗುಂಡಿಗಿಳಿದು ಮೈಗೆಲ್ಲ ಕೆಸರು ಬಳಿದುಕೊಂಡು, ಸೊಪ್ಪನ್ನು ಹೊದೆದು, ಕೋಲೂರಿಕೊಂಡು ನಡೆದನು. ಇರುಳಿನ ಎರಡನೆಯ ಜಾವದಲ್ಲಿ ಬೀಡು ತಲಪಿದಾಗ, ಆ ಹಳೆಯ ಭಿಕ್ಷುವು ಊರ ಹೊರಗೆ ನಿಂತು ಇವನನ್ನು ಕೂಗುತ್ತಿದ್ದನಂತೆ. ಇಷ್ಟು ವರ್ಷ ಅಭ್ಯಸಿಸಿದ ವ್ಯಾಕರಣಕ್ಕಿಂತ ಆ ಒಂದು ಕೂಗು ಅಂದು ಹೆಚ್ಚು ಉಪಯೋಗಕ್ಕೆ ಬಂದಿತೆಂದು ತೋರುತ್ತದೆ.

ನಾಳಂದದಲ್ಲಿ ಅವನು ಹತ್ತು ವರ್ಷವಿದ್ದನು. ಅವನಿಗೆ ಮೊದಲು ಪಾಠವಾದುದು ನಮ್ಮ ಎಂಜಲು ಮುಸುರೆಗಳ ಶಾಸ್ತ್ರ. ಒಂದು ತುತ್ತು ಬಾಯಿಗಿಟ್ಟ ಮೇಲೆ ಬಾಯಿ ಮುಕ್ಕಳಿಸಿ ಕೈತೊಳೆಯುವವರೆಗೆ ಇನ್ನೊಬ್ಬರನ್ನು ಮುಟ್ಟಲಾಗದು. ಕುಡಿಯುವ ನೀರಿಗೆ ಒಂದು ಪಾತ್ರೆ, ಬಳಸುವ ನೀರಿಗೆ ಇನ್ನೊಂದು. ಉತ್ತರದ ಹುಲ್ಲುಗಾವಲಿನ ಜನರಿಂದ ಬಂದ ದೂತರು ಇದನ್ನರಿಯದೆ ಇಲ್ಲಿ ನಗೆಗೀಡಾದರೆಂದು ಅವನು ಬರೆಯುತ್ತಾನೆ. ಊಟಕ್ಕೆ ಚಿಕ್ಕ ಮಣೆಯಂಥ ಪೀಠ, ಸಾರಿಸಿದ ನೆಲ, ಬೆಳಿಗ್ಗೆ ಹನ್ನೆರಡು ಅಂಗುಲದ ದಂತಕಾಷ್ಠ. ಹಸಿಯ ಮೀನನ್ನೂ ಹಸಿಯ ತರಕಾರಿಯನ್ನೂ ತಿನ್ನುವ ತನ್ನ ದೇಶದವರ ಪದ್ಧತಿ ಇಲ್ಲಿ ಸಲ್ಲದೆಂದು ಎಚ್ಚರಿಸುತ್ತಾನೆ. ಔಷಧದ ಮಾತನ್ನೂ ಬಿಟ್ಟಿಲ್ಲ: ಚೀನದ ಜಿನ್ಸೆಂಗ್ ಮೊದಲಾದ ಬೇರುಗಳು ಇಲ್ಲಿ ಸಿಕ್ಕುವುದಿಲ್ಲ, ಅಳಲೆಕಾಯಿ ಬೇಕಾದಷ್ಟಿದೆ, ಕಾಯಿಲೆಯಾದರೆ ಮೊದಲು ಲಂಘನ.

685ರಲ್ಲಿ ಸುಮಾರು ನಾನೂರು ಸಂಸ್ಕೃತ ಗ್ರಂಥಗಳೊಡನೆ ಹೊರಟು, ತಾಮ್ರಲಿಪ್ತಿಯ ಬಳಿ ಮತ್ತೊಮ್ಮೆ ಕಳ್ಳರಿಂದ ತಪ್ಪಿಸಿಕೊಂಡು, ಶ್ರೀವಿಜಯವನ್ನು ಸೇರಿ ಅನುವಾದಕ್ಕೆ ಕುಳಿತನು. ಗ್ರಂಥಗಳಿದ್ದುವು, ಕಾಗದವೂ ಮಸಿಯೂ ಸಾಲವು! ಅವುಗಳನ್ನೂ ಲಿಪಿಕಾರರನ್ನೂ ಕಳುಹಿಸಿರೆಂದು ಊರಿಗೆ ಕಾಗದ ಕೊಡಲು 689ರಲ್ಲಿ ಬಂದರಿನ ಹಡಗೊಂದನ್ನು ಹತ್ತಿದನು. ಅಷ್ಟರಲ್ಲಿ ಅನುಕೂಲವಾದ ಗಾಳಿ ಬೀಸಿ, ಹಡಗಿನವರು ಹಾಯಿಯೆತ್ತಿಯೇಬಿಟ್ಟರು. ನಿಲ್ಲಿಸೆಂದರೂ ನಿಲ್ಲಲಿಲ್ಲ. ಹದಿನೆಂಟು ವರ್ಷ ಬಿಟ್ಟಿದ್ದ ಸ್ವದೇಶಕ್ಕೆ ಅವನು ಬರಿಗೈಯಲ್ಲಿ, ಅನಪೇಕ್ಷಿತವಾಗಿ ಬಂದಿಳಿದನು. ಗ್ರಂಥಗಳೆಲ್ಲ ಶ್ರೀವಿಜಯದಲ್ಲಿಯೇ ಉಳಿದುವು. ಅದೇ ವರ್ಷದ ಕೊನೆಗೆ ನಾಲ್ವರು ಸಹಾಯಕರನ್ನು ಕರೆದುಕೊಂಡು ಪುನಃ ಸಮುದ್ರವನ್ನೇರಿದನು.

ತನ್ನ ಗ್ರಂಥಗಳೊಡನೆ ಇತ್ಸಿಂಗನು ಲೋಯಾಂಗ್ ನಗರವನ್ನು ಹೊಕ್ಕುದು 695ರಲ್ಲಿ. ಚಕ್ರವರ್ತಿನಿ ವೂ ತಾನೇ ಪಟ್ಟಣದ ಬಾಗಿಲಿಗೆ ಬಂದು ಎದುರುಗೊಂಡಳು. ಆ ನಾಲ್ವರು ಸಹಾಯಕರಲ್ಲಿ ಎಲ್ಲರಿಗಿಂತ ಎಳೆಯನು ಹ್ವಾಯ್ ಯೆ ಎಂಬವನು. ಅವನು ಶ್ರೀವಿಜಯದಲ್ಲಿ ಅಲ್ಲಿಯವರ ಮಾತನ್ನು ಕಲಿತನು. ಆ ಊರಿನ ಮೇಲೆ ಮನಸ್ಸಾಗಿ, ಕ್ಯಾಂಟನ್ನಿಗೆ ಹಿಂದಿರುಗಲೇ ಇಲ್ಲ.